ಕಿರೀಟ ಇದ್ದವರ ಪೆಟ್ಟಿಗೆ

ಹಳೆಯ ಸಿನಿಮಾ ಎಂದರೆ ನನ್ನ ವಯಸ್ಸಿನವರಿಗೆ ಏನೇನೋ ನೆನಪಾಗಿ ಕಣ್ಣು ಒದ್ದೆಯಾಗುತ್ತದೆ. ಗಾಂಧಿ ಕ್ಲಾಸಿನ ಬೆಂಚು, ಇಂಟರ್‌ವೆಲ್ಲಿನ ಗೋಲಿ ಸೋಡಾ, ಪರದೆಯ ಮೇಲೆ ತೂರಿದ ಚಿಲ್ಲರೆ. ನನಗೆ ಮಾತ್ರ ವಾಕರಿಕೆ ಬರುತ್ತದೆ. ಹೀಗೆಂದರೆ ಜನ ನಗುತ್ತಾರೆ, ತಮಾಷೆಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ತಮಾಷೆಯಲ್ಲ. ರಾಜಾಜಿನಗರದ ನಮ್ಮ ಮನೆಯ ಬಚ್ಚಲಲ್ಲಿ ಸಿನಿಮಾ ತೊಳೆಯುತ್ತಿದ್ದರು. ಬಟ್ಟೆ ಒಗೆದ ಹಾಗಲ್ಲ, ಕುರಿಯ ಬೋಟಿ ತೊಳೆದ ಹಾಗೆ, ಒಳಗಿದ್ದದ್ದೆಲ್ಲ ಹೊರಗೆ ಬರುವವರೆಗೆ ಉಜ್ಜಿ ಉಜ್ಜಿ. ಅದೇ ನಮ್ಮಪ್ಪನ ಕಸುಬು. ಗಾಂಧಿನಗರದ ಹಂಚಿಕೆದಾರರ ಹತ್ತಿರ ಊರೂರು ಓಡಿ ಸವೆದುಹೋದ ಪ್ರಿಂಟುಗಳಿರುತ್ತಿದ್ದವು. ಪ್ರದರ್ಶನದ ಹಕ್ಕು ಮುಗಿದ ಮೇಲೆ ಅವನ್ನು ನಾಶ ಮಾಡಬೇಕು, ಇಲ್ಲದಿದ್ದರೆ ಯಾರಾದರೂ ಕದ್ದು ಯಾವುದಾದರೂ ಟೆಂಟಿನಲ್ಲಿ ಓಡಿಸಿಬಿಡುತ್ತಾರೆ. ಅಪ್ಪ ಆ ಡಬ್ಬಿಗಳನ್ನು ಜಟಕಾದಲ್ಲಿ ತುಂಬಿಕೊಂಡು ತರುತ್ತಿದ್ದ. ಆಫೀಸಿನಿಂದ ಒಬ್ಬ ಬಂದು ನಮ್ಮ ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತ, ಅಪ್ಪ ಒಂದೊಂದು ರೀಲಿಗೂ ಮಚ್ಚಿನಿಂದ ಏಟು ಹಾಕುವುದನ್ನು ನೋಡಿ ಹೋಗುತ್ತಿದ್ದ. ಏಟು ಬಿದ್ದ ರೀಲು ಗಜದುದ್ದದ ಪಟ್ಟಿಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಆ ಪಟ್ಟಿಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಕಪ್ಪು ಲೋಳೆ ಬಿಡುತ್ತದೆ. ಆ ಲೋಳೆಯಲ್ಲಿ ಬೆಳ್ಳಿ. ಕಪ್ಪು ಬಿಳುಪು ಸಿನಿಮಾದಲ್ಲಿ ಕಪ್ಪಗೆ ಕಾಣುವುದೆಲ್ಲ ಬೆಳ್ಳಿಯೇ ಎಂದು ಅಪ್ಪ ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಿದ್ದ. ಒಣಗಿದ ಲೋಳೆ ಬೆಳ್ಳಿ ಕರಗಿಸುವವರಿಗೆ ಹೋಗುತ್ತಿತ್ತು. ಉಳಿದ ಗಾಜಿನಂಥ ಪಟ್ಟಿಗಳು ಅಂಗಿಯ ಕಾಲರಿನೊಳಗೆ ಸೇರಿಸಲು ದರ್ಜಿಗಳಿಗೆ ಹೋಗುತ್ತಿದ್ದವು. ಊರಿನ ಗಂಡಸರು ಒಂದು ಸಿನಿಮಾವನ್ನು ಕುತ್ತಿಗೆಗೆ ಸುತ್ತಿಕೊಂಡು ಇನ್ನೊಂದನ್ನು ನೋಡಲು ಹೋಗುತ್ತಿದ್ದರು.

ನಮ್ಮದು ಉದ್ದಕ್ಕೆ ಒಂದರ ಹಿಂದೆ ಒಂದು ಕೋಣೆಯಿದ್ದ ಮನೆ. ಜಗಲಿ, ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಬಚ್ಚಲಿನ ಘಾಟು ಅಡುಗೆಮನೆಯನ್ನು ಹಾದೇ ಮುಂದಕ್ಕೆ ಬರಬೇಕಿತ್ತು. ಬೆಳಗ್ಗೆ ನಾವು ಅಲ್ಲಿ ಸ್ನಾನ ಮಾಡುತ್ತಿದ್ದೆವು, ಮಿಕ್ಕ ಹೊತ್ತು ಸಿನಿಮಾ ಮಾಡುತ್ತಿತ್ತು. ಹಂಡೆಯ ಪಕ್ಕದ ಸಿಮೆಂಟು ತೊಟ್ಟಿಯ ಅಂಚಿನಲ್ಲಿ ಕಪ್ಪು ಕೆನೆ ಕಟ್ಟಿರುತ್ತಿತ್ತು. ನೆಲದ ಕಲ್ಲು ಎಷ್ಟು ತಿಕ್ಕಿದರೂ ಜಾರುತ್ತಿತ್ತು. ಬರಿಗಾಲಲ್ಲಿ ಅದನ್ನು ತುಳಿದ ನೆನಪು ಈಗಲೂ ನನ್ನ ಹಿಮ್ಮಡಿಯಲ್ಲಿದೆ, ಬರೆಯುತ್ತಿರುವಾಗಲೇ ಕಾಲು ಮಡಚಿಕೊಂಡೆ. ಸೀಗೆಪುಡಿ ಹಾಕಿ ಮಿಂದು ಬಂದರೂ ಜಡೆಯಲ್ಲಿ ಅದೇ ವಾಸನೆ. ಶಾಲೆಯಲ್ಲಿ ಪಕ್ಕದಲ್ಲಿ ಕೂತವಳು ಸೆರಗಿಲ್ಲದಿದ್ದರೂ ಲಂಗವನ್ನೇ ಎತ್ತಿ ಮೂಗು ಮುಚ್ಚಿಕೊಂಡು, ‘ನಿಮ್ಮನೇಲಿ ಏನೇ ಸತ್ತಿದೆ?’ ಎಂದು ಕೇಳಿದ್ದಳು. ಹಿತಕಿದ ಬೇಳೆ ಸಾರು ಮಾಡಿದ ದಿನವೂ ನನಗೆ ಬಾಯಿಗೆ ಬಂದದ್ದು ಸೋಡಾದ ಕಟುವೇ. ಲೋಳೆಯೆಂದರೆ ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು ಎಂದು ಅಪ್ಪನಿಗೆ ಗೊತ್ತಿತ್ತು. ಅಜ್ಜಿಗೆ ಅದನ್ನು ಹೇಳಿರಲಿಲ್ಲ. ನನಗೆ ಗೊತ್ತಾದದ್ದು ತುಂಬ ತಡವಾಗಿ, ಅಷ್ಟರಲ್ಲಿ ತಿನ್ನಬೇಕಾದ ಊಟವನ್ನೆಲ್ಲ ತಿಂದಾಗಿತ್ತು.

ಕಡಿಯುವುದು ಅಪ್ಪನ ಕೆಲಸ, ಉಜ್ಜುವುದು ಅಮ್ಮನ ಕೆಲಸ. ಇದನ್ನು ಯಾರು ಹಂಚಿದರೋ ಕಾಣೆ. ಅಮ್ಮ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರು ಹಿಡಿದು ಒಂದೊಂದೇ ಪಟ್ಟಿಯನ್ನು ಉಜ್ಜುತ್ತಿದ್ದಳು. ಅಪ್ಪ ಒಮ್ಮೆ ರಬ್ಬರಿನ ಕೈಗವಸು ತಂದುಕೊಟ್ಟ. ಅದನ್ನು ಹಾಕಿಕೊಂಡರೆ ಪಟ್ಟಿ ಕೈಗೆ ಸಿಗದೆ ಜಾರುತ್ತದೆಂದು ಅಮ್ಮ ಎತ್ತಿಟ್ಟಳು, ಅವನು ಮತ್ತೆ ಕೇಳಲಿಲ್ಲ. ಅವಳ ಬೆರಳ ತುದಿಗಳಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಗೆರೆಯೇ ಇಲ್ಲದ, ಕೆಂಪಗೆ ನುಣ್ಣಗಿದ್ದ ಬೆರಳುಗಳು. ಬಿಸಿ ಮುದ್ದೆಯನ್ನು ಮುರಿಯಲಾಗದೆ ಚಮಚದಲ್ಲಿ ತಿನ್ನುತ್ತಿದ್ದಳು. ಮುದ್ದೆಯನ್ನು ಚಮಚದಲ್ಲಿ ತಿನ್ನುವ ಹೆಂಗಸು ನಮ್ಮ ಬೀದಿಯಲ್ಲಿ ಅವಳೊಬ್ಬಳೇ. ‘ಉಲ್ಲಾಳದ ಗೌಡರ ಮಗಳಿಗೆ ದೊರೆಸಾನಿ ಶೋಕಿ’ ಎಂದು ಎದುರುಮನೆಯವರು ನಗುತ್ತಿದ್ದರು. ಅಮ್ಮನೂ ಅವರ ಜೊತೆ ನಕ್ಕು ಸುಮ್ಮನಾಗುತ್ತಿದ್ದಳು.

ಇನ್ನು ಅಜ್ಜಿ, ಅಪ್ಪನ ತಾಯಿ. ಬೀಗದ ಕೈಗೊಂಚಲು ಸೊಂಟದಲ್ಲಿ, ದಾರ ಕಟ್ಟಿದ ಕನ್ನಡಕ ಮೂಗಿನ ಮೇಲೆ. ಒಂದು ದಿನ ಯಾವುದೋ ಪೌರಾಣಿಕ ಚಿತ್ರದ ಪ್ರಿಂಟು ತೊಟ್ಟಿಗೆ ಬಿದ್ದಿತ್ತು. ಅಜ್ಜಿ ಬಿಸಿನೀರಿಗೆಂದು ಬಚ್ಚಲಿಗೆ ಹೋದವಳು ಅಮ್ಮನ ಕೈಯಲ್ಲಿದ್ದ ಪಟ್ಟಿಯಲ್ಲಿ ಕಿರೀಟ ತೊಟ್ಟ ವಿಷ್ಣು ನಾರಿನೇಟಿಗೆ ಸುಲಿದು ಇಳಿಯುವುದನ್ನು ನೋಡಿಬಿಟ್ಟಳು. ಅವಳ ಕೂಗು ಕೇಳಿ ಬೀದಿಯ ಕೊನೆಯ ಮನೆಯವರು ಬಂದರು. ಅವತ್ತಿನಿಂದ ಮನೆಗೊಂದು ಕಟ್ಟಳೆ ಬಂತು. ದೇವರಿರುವ ಚೂರುಗಳನ್ನು ಮೊದಲು ಕತ್ತರಿಸಿ ತೆಗೆಯಬೇಕು, ಆಮೇಲೆ ಉಳಿದದ್ದು ತೊಟ್ಟಿಗೆ. ಕತ್ತರಿಸಿದ್ದು ದೇವರ ಗೂಡಿನ ಕೆಳಗಿನ ತಗಡಿನ ಪೆಟ್ಟಿಗೆಗೆ. ಅಪ್ಪ ಗೊಣಗಿದ. ಪ್ರಿಂಟನ್ನು ಪೂರ್ತಿ ನಾಶ ಮಾಡುತ್ತೇನೆಂದು ಮಾತು ಕೊಟ್ಟು ಒಂದು ಚೂರು ಉಳಿಸಿಕೊಂಡರೂ ಕಳ್ಳತನವೇ ಎಂದ. ದೇವರನ್ನು ಕಾಸ್ಟಿಕ್ಕಿಗೆ ಹಾಕಿದವನ ಕೈಯಲ್ಲಿ ನಾಳೆ ನಾನು ಬಾಯಿಗೆ ನೀರು ಬಿಡಿಸಿಕೊಳ್ಳಲ್ಲ ಎಂದಳು ಅಜ್ಜಿ. ಅಪ್ಪ ಸೋತ. ಆಫೀಸಿನವನಿಗೂ ಸಂಕೋಚದಿಂದ ವಿಷಯ ಹೇಳಿದ. ಅವನು ದೇವರ ಗೂಡಿಗೆ ಕೈಮುಗಿದು, ‘ಅಷ್ಟಕ್ಕೇನೂ ಇಲ್ಲ ಬಿಡಿ’ ಎಂದು ಹೋದ.

ವಿಂಗಡಿಸುವ ಕೆಲಸ ನನ್ನದು. ಶಾಲೆಯಿಂದ ಬಂದು ಜಗಲಿಯ ಬೆಳಕಿಗೆ ಒಂದೊಂದೇ ಪಟ್ಟಿಯನ್ನು ಎತ್ತಿಹಿಡಿದು ದೇವರನ್ನು ಹುಡುಕಬೇಕು. ಆದರೆ ದೇವರು ಯಾರು? ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಆದಷ್ಟು ಜಗಳ ಯಾವ ಮಠದಲ್ಲೂ ಆಗಿರಲಾರದು. ಅಜ್ಜಿಗೆ ಕಣ್ಣು ಮಂದ, ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಅವಳು ಒಂದೇ ಗುರುತು ಇಟ್ಟುಕೊಂಡಿದ್ದಳು. ಅಪ್ಪ ಸುಮ್ಮನಿರಲಾರದೆ ಕೆಣಕುತ್ತಿದ್ದ.

“ಅಮ್ಮ, ಇವ್ನು ರಾವಣ ಕಣಮ್ಮ. ರಾಕ್ಷಸನ್ನೂ ಇಡ್ತೀಯಾ?”

“ಕಿರೀಟ ಇದ್ಯೇನೋ?”

“ಹತ್ತು ಇದೆ.”

“ಮತ್ತಿನ್ನೇನು? ಪೆಟ್ಟಿಗೆಗೆ ಹಾಕು.”

“ನಾರದ ಅಜ್ಜಿ,” ಎಂದೆ ನಾನು. “ತಲೆ ಮೇಲೆ ಬರೀ ಜುಟ್ಟು.”

“ಜಗಳ ತಂದಿಕ್ಕೋನು. ತೊಟ್ಟಿಗೆ ಹೋಗ್ಲಿ.”

“ಇದ್ರಲ್ಲಿ ದೇವ್ರು ಭಿಕ್ಷುಕನ ವೇಷದಲ್ಲಿ ಬಂದಿದಾನಮ್ಮ,” ಎಂದ ಅಪ್ಪ. “ಏನ್ ಮಾಡ್ಲಿ?”

“ವೇಷ ಹಾಕ್ಕೊಂಡ್ ಬಂದ್ರೆ ನಾನೇನೋ ಮಾಡ್ಲಿ? ಕಿರೀಟ ಹಾಕ್ಕೊಂಡ್ ಬರ್ಬೇಕಿತ್ತು.”

ನಾಟಕದ ಕಂಪನಿಯ ಕಥೆಯೊಂದರಲ್ಲಿ ಕುಡುಕ ಕೋಡಂಗಿಯೊಬ್ಬ ಕಾಗದದ ಕಿರೀಟ ಇಟ್ಟುಕೊಂಡು ತೂರಾಡುವ ದೃಶ್ಯವಿತ್ತು. ಅವನೂ ಪೆಟ್ಟಿಗೆ ಸೇರಿದ. ಶುಕ್ರವಾರದ ಗಂಧದ ಕಡ್ಡಿ ಅವನಿಗೂ ಸಿಗುತ್ತಿತ್ತು. ಅದೇ ನಟ ಇನ್ನೊಂದು ಚಿತ್ರದಲ್ಲಿ ಬರಿತಲೆಯಲ್ಲಿ ಬಂದು, ಸಾಯುವ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಪಟ್ಟಿಯಲ್ಲಿ ಅವನ ಕಣ್ಣೀರು ಕಾಣುತ್ತಿತ್ತು. ತೊಟ್ಟಿಗೆ ಹೋದ. ಎಂಟೊಂಬತ್ತು ವರ್ಷದ ನನಗೆ ಇದು ಅಸಹ್ಯ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಜೀವ ಹಿಂಡುವಂತೆ ಅಳುವವರನ್ನೆಲ್ಲ ಕರಗಿಸಿ, ತಗಡು ತಲೆಗೇರಿಸಿಕೊಂಡವರನ್ನು ಮಾತ್ರ ಜೋಪಾನ ಮಾಡುವುದು. ಆಮೇಲೆ ಗುಮಾಸ್ತೆಯಾಗಿ ಕಚೇರಿ ಸೇರಿ ನಿವೃತ್ತಿಯವರೆಗೆ ನಾನು ಕಂಡದ್ದೂ ಅದನ್ನೇ. ನಮ್ಮಜ್ಜಿ ಮೊದಲೇ ಪಾಠ ಮಾಡಿದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಅಪ್ಪ ಆ ಬೆಳ್ಳಿಯಲ್ಲೇ ಅಜ್ಜಿಗೆ ಊಟದ ತಟ್ಟೆ ಮಾಡಿಸಿದ. ಹಬ್ಬದ ದಿನ ಅವಳು ಅದರಲ್ಲಿ ಹೋಳಿಗೆ ತುಪ್ಪ ಉಣ್ಣುತ್ತಿದ್ದಳು, ಕೊನೆಗೆ ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು. ನನಗೆ ಆ ತಟ್ಟೆಯಲ್ಲಿ ನಾರಿನಡಿ ಸುಲಿದುಹೋದ ಮುಖಗಳೇ ಕಾಣುತ್ತಿದ್ದವು. ಒಮ್ಮೆ ಪ್ರೀತಿಯಿಂದ ನನಗೂ ಅದರಲ್ಲೇ ಬಡಿಸಿದಳು. ನಾನು ಎದ್ದು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ದೃಷ್ಟಿಯಾಗಿದೆ ಎಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿದಳು.

ಅಮ್ಮ ಹುಟ್ಟಿದ್ದು ರಾಜಾಜಿನಗರದಿಂದ ಕೆಲವೇ ಮೈಲಿ ದೂರದ ಉಲ್ಲಾಳದಲ್ಲಿ, ಆಗ ಅದು ಹೊಲಗದ್ದೆಯ ಹಳ್ಳಿ. ಅವಳು ಚಿಕ್ಕವಳಿದ್ದಾಗ ಅಲ್ಲಿಯ ಕೆರೆ ಏರಿಯ ಮೇಲೆ ಒಂದು ಸಿನಿಮಾದ ಶೂಟಿಂಗ್ ಆಗಿತ್ತಂತೆ. ಊರಿನ ಹೆಂಗಸರಿಗೆ ಬಿಂದಿಗೆ ಹೊತ್ತು ಏರಿಯ ಮೇಲೆ ನಡೆಯಿರಿ ಎಂದರಂತೆ. ಅಮ್ಮನ ಅವ್ವ ಎಲ್ಲರಿಗಿಂತ ಮುಂದೆ ನಡೆದಳಂತೆ, ಕ್ಯಾಮೆರಾದ ಮುಂದೆಯೇ ಹಾದುಹೋದಳಂತೆ. ಮರುವರ್ಷ ಜ್ವರ ಬಂದು ತೀರಿಕೊಂಡಳು. ಆಕೆಯ ಒಂದೇ ಒಂದು ಫೋಟೋ ಎಲ್ಲೂ ಇಲ್ಲ. ಸಿನಿಮಾ ಬಿಡುಗಡೆಯಾದಾಗ ತಾಯಿಯಿಲ್ಲದ ಹುಡುಗಿಯನ್ನು ಗಾಂಧಿನಗರಕ್ಕೆ ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಅಮ್ಮನಿಗೆ ಉಳಿದದ್ದು ಆ ಚಿತ್ರದ ಹೆಸರು ಮಾತ್ರ. ವರ್ಷಗಳಾದ ಮೇಲೆ ಅಪ್ಪ ಇಳಿಸಿದ ಡಬ್ಬಿಯೊಂದರ ಮೇಲೆ ಆ ಹೆಸರು ಅಂಟಿಸಿತ್ತು. ಅವತ್ತು ಅಮ್ಮ ವಿಂಗಡಿಸುವ ಕೆಲಸವನ್ನು ನನಗೆ ಕೊಡಲಿಲ್ಲ. ಅಡುಗೆ ಮುಗಿಸಿದ್ದೇ ಜಗಲಿಗೆ ಬಂದು, ಮಚ್ಚಿನೇಟು ಬಿದ್ದ ರಾಶಿಯ ಒಂದೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದಳು. ದಿನಗಟ್ಟಲೆ ಹಿಡಿದಳು. ಕೊನೆಗೆ ಮೂರು ಪಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಮುಂದೆ ಬಂದು ನಿಂತಳು.

“ಅತ್ತೆ, ಇದ್ರಲ್ಲಿ ನಮ್ಮವ್ವ ಇದಾಳೆ. ಇದನ್ನೂ ಪೆಟ್ಟಿಗೇಲಿ ಇಡ್ಲಾ?”

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬೆಳಕಿಗೆ ಹಿಡಿದಳು. “ಕಿರೀಟ ಎಲ್ಲಿದ್ಯೇ?”

“ನಮ್ಮವ್ವ ಅತ್ತೆ.”

“ಯಾವಳೋ ನೀರು ಹೊರೋಳು. ನಿಮ್ಮವ್ವ ಅಂತ ನಿಂಗೇನ್ ಗೊತ್ತು? ಆಗ ನೀನು ಇಷ್ಟುದ್ದ ಇದ್ದೆ. ಆದ್ರೂ ಆಗ್ಲಿ, ಸತ್ತೋರ ಫೋಟೋನ ದೇವ್ರ ಹತ್ರ ಇಡ್ತಾರೇನೇ ಯಾರಾದ್ರೂ?”

“ಬೇರೆ ಕಡೆ ಎಲ್ಲಾದ್ರೂ ಇಟ್ಕೋತೀನಿ.”

ಈಗ ಅಪ್ಪ ಮಾತಾಡಿದ. “ದೇವ್ರುದ್ದಾದ್ರೆ ಆಫೀಸ್ನೋರು ಒಪ್ಕೊಂಡಿದಾರೆ ಜಯ. ಮನೆಯೋರುದ್ದು ಅಂದ್ರೆ ನಾನ್ ಏನ್ ಹೇಳ್ಲಿ? ನಾಳೆ ಇನ್ನೊಂದು ಇಟ್ಕೊಂಡಿದಾನೆ ಅಂತಾರೆ. ಸುಮ್ನೆ ಹಾಕ್ಬಿಡು.”

ಅಪ್ಪ ಕೆಟ್ಟವನಲ್ಲ, ಹೇಡಿ. ಜೊತೆಯಲ್ಲಿ ಬದುಕಬೇಕಾದವರಿಗೆ ಇವೆರಡರಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಆ ಮನೆಯಲ್ಲಿ ಬಚ್ಚಿಡಲು ಜಾಗವೂ ಇರಲಿಲ್ಲ. ಅಕ್ಕಿಯ ಡಬ್ಬದಿಂದ ಹಿಡಿದು ಹಾಸಿಗೆಯ ಸುರುಳಿಯವರೆಗೆ ಎಲ್ಲಕ್ಕೂ ಅಜ್ಜಿಯ ಕೈ ಹೋಗುತ್ತಿತ್ತು. ಅಮ್ಮ ಮೂರು ಪಟ್ಟಿಗಳನ್ನೂ ಇನ್ನೂ ತೊಳೆಯದ ರಾಶಿಯ ಅಡಿಗೆ ಸೇರಿಸಿದಳು. ಅವತ್ತು ಮುದ್ದೆಯನ್ನೂ ತಿನ್ನಲಿಲ್ಲ.

ನನಗೆ ಬೇಸಿಗೆ ರಜೆ. ಮರುದಿನ ಮಧ್ಯಾಹ್ನ, ಅಜ್ಜಿ ಉಂಡು ನಡುಮನೆಯಲ್ಲಿ ಅಡ್ಡಾದ ಮೇಲೆ, ಅಮ್ಮ ನನ್ನನ್ನು ಸನ್ನೆ ಮಾಡಿ ಹಿತ್ತಲ ಬಾಗಿಲಿಗೆ ಕರೆದಳು. ಹಳೆಯ ಪಟವೊಂದರಿಂದ ಬಿಚ್ಚಿದ ಗಾಜನ್ನು ನನ್ನ ಕೈಗೆ ಕೊಟ್ಟು, ಅದರ ಮೇಲೆ ಪಟ್ಟಿಯನ್ನಿಟ್ಟು ಬಿಸಿಲಿಗೆ ಹಿಡಿ ಎಂದಳು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನನ್ನು ಬಿಚ್ಚಿ, ಮೊದಲ ಚೌಕದ ಹೆಂಗಸಿನ ಹಣೆಯ ಮೇಲೆ, ಬಿಂದಿಗೆಯ ಬುಡದಲ್ಲಿ, ಅಡ್ಡ ಒಂದು ಗೆರೆ, ಮೇಲಕ್ಕೆ ಮೂರು ಗೆರೆ ಕೆರೆದಳು. ಕಪ್ಪು ಎದ್ದು ಗೆರೆಗಳು ಬೆಳ್ಳಗೆ ಹೊಳೆದವು. ಆಮೇಲೆ ಎರಡನೆಯ ಚೌಕ. ಮೂರನೆಯದು. ಹೆಬ್ಬೆರಳ ಉಗುರಿನಗಲದ ಚಿತ್ರದಲ್ಲಿ ಕಡಲೆಕಾಳಿಗಿಂತ ಚಿಕ್ಕ ತಲೆ, ಅದರ ಮೇಲೆ ಕಿರೀಟ. ಅವಳ ಬೆರಳಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ಪಿನ್ನು ತನ್ನನ್ನೇ ಚುಚ್ಚಿದ್ದೂ ರಕ್ತ ಕಂಡ ಮೇಲಷ್ಟೇ ಗೊತ್ತಾಗುತ್ತಿತ್ತು. ಸೆರಗಿನಲ್ಲಿ ಒರೆಸಿ ಮುಂದುವರಿಸುತ್ತಿದ್ದಳು. ಒಳಗೆ ಅಜ್ಜಿ ಮಗ್ಗುಲು ಬದಲಿಸಿದರೆ ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು. ಹೀಗೆ ಎಷ್ಟೋ ಮಧ್ಯಾಹ್ನ ನಡೆಯಿತು. ನನ್ನ ಬಾಲ್ಯದಲ್ಲಿ ವಾಸನೆ ನೆನಪಿಲ್ಲದ ಮಧ್ಯಾಹ್ನಗಳು ಅವು ಮಾತ್ರ.

ಪಟ್ಟಿಗಳು ಮುಗಿದ ದಿನ ಅಮ್ಮ ಅವನ್ನು ಬೇರೆ ದೇವರುಗಳ ಜೊತೆ ಸೇರಿಸಿ ಅಜ್ಜಿಯ ಮುಂದಿಟ್ಟಳು. ಅಜ್ಜಿ ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತ ಬಂದು ಅಲ್ಲಿ ನಿಂತಳು.

“ಇದ್ಯಾವ ದೇವ್ರೇ? ಕಿರೀಟದ ಮೇಲೆ ಬಿಂದಿಗೆ ಬೇರೆ ಇದೆ.”

“ಗಂಗಮ್ಮ, ಅತ್ತೆ,” ಎಂದಳು ಅಮ್ಮ, ರೆಪ್ಪೆಯಾಡಿಸದೆ.

ಅಜ್ಜಿ ಪಟ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. “ಮಳೆ ಬೆಳೆ ಚೆನ್ನಾಗಿ ಕೊಡು ತಾಯಿ,” ಎಂದು ಪೆಟ್ಟಿಗೆಯಲ್ಲಿಟ್ಟಳು. ನಾನು ನಗು ತಡೆಯಲಾರದೆ ಹೊರಗೋಡಿದೆ. ಆದರೆ ಅಮ್ಮ ನಗಲಿಲ್ಲ. ಉಳಿದ ರಾಶಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಆ ಕೆರೆ, ಆ ಏರಿ, ಜೊತೆಯಲ್ಲಿ ನಡೆದ ಹೆಂಗಸರು, ಅವಳ ಊರಿನ ಮರಗಳು, ಎಲ್ಲವನ್ನೂ ತನ್ನ ಕೈಯಾರೆ ಉಜ್ಜಿ ಲೋಳೆ ಮಾಡಿದಳು. ಅಂಥ ಕೆಲಸವನ್ನು ಅವಳ ಕೈಯಲ್ಲಿ ಮಾಡಿಸಿದ ಮನೆ ಅದು. ಯಾರಾದರೂ ‘ಬಾಲ್ಯದ ಮನೆ’ ಎಂದು ನಿಟ್ಟುಸಿರು ಬಿಟ್ಟರೆ ನನಗೆ ಮೈಯೆಲ್ಲ ಉರಿಯುವುದು ಇದಕ್ಕೇ.

ಬಣ್ಣದ ಸಿನಿಮಾ ಬಂದ ಮೇಲೆ ಲೋಳೆಯಲ್ಲಿ ಬೆಳ್ಳಿ ಉಳಿಯಲಿಲ್ಲ, ಕಸುಬು ನಿಂತಿತು. ಅಪ್ಪ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆದ. ಅಜ್ಜಿ ಹೋದಳು, ಆಮೇಲೆ ಅಪ್ಪನೂ ಹೋದ. ರಾಜಾಜಿನಗರದ ಮನೆಯಿದ್ದ ಜಾಗದಲ್ಲಿ ಈಗ ಡಯಾಗ್ನೋಸ್ಟಿಕ್ ಸೆಂಟರ್ ಇದೆ. ಅಲ್ಲಿ ಬೇರೆ ಥರದ ಅಸಹ್ಯಗಳನ್ನು ಪರೀಕ್ಷೆ ಮಾಡುತ್ತಾರೆ. ಬೆಳ್ಳಿ ತಟ್ಟೆ ಆಮೇಲೆ ಹುಟ್ಟಿದ ನನ್ನ ತಮ್ಮನ ಪಾಲಿಗೆ ಹೋಯಿತು, ನಾನು ಕೇಳಲಿಲ್ಲ. ಪೆಟ್ಟಿಗೆಯೂ ಅಮ್ಮನೂ ನನ್ನ ಪಾಲಿಗೆ ಬಂದರು. ನಾವಿಬ್ಬರೂ ಈಗ ಉಲ್ಲಾಳದಲ್ಲೇ ಒಂದು ಫ್ಲಾಟಿನಲ್ಲಿದ್ದೇವೆ. ಅಮ್ಮನ ಹೊಲಗದ್ದೆಗಳ ಜಾಗದಲ್ಲಿ ಬಡಾವಣೆಗಳು, ಕೆರೆಯ ಸುತ್ತ ವಾಕಿಂಗ್ ಟ್ರ್ಯಾಕು. ರೇಷನ್ ಅಂಗಡಿಯ ಯಂತ್ರ ಅಮ್ಮನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ‘ಅಜ್ಜಿ, ಕೈ ಚೆನ್ನಾಗಿ ಒರೆಸ್ಕೊಳ್ಳಿ’ ಎಂದು ಅಂಗಡಿಯವನು ಪ್ರತಿ ಸಲವೂ ಹೇಳುತ್ತಾನೆ. ಅಮ್ಮ ಪ್ರತಿ ಸಲವೂ ಒರೆಸಿಕೊಳ್ಳುತ್ತಾಳೆ.

ಇತ್ತೀಚೆಗೆ ತಮ್ಮನ ಮೊಮ್ಮಗಳ ಹುಟ್ಟುಹಬ್ಬವನ್ನು ರಾಜರಾಜೇಶ್ವರಿನಗರದ ಕೆಫೆಯೊಂದರಲ್ಲಿ ಮಾಡಿದರು. ಬಾಗಿಲಿಗೆ ಪರದೆಯ ಬದಲು ಫಿಲ್ಮ್ ಪಟ್ಟಿಗಳನ್ನು ಇಳಿಬಿಟ್ಟಿದ್ದರು. ನಿಜವಾದ ಫಿಲ್ಮು, ಯಾರದೋ ಮುಖಗಳಿರುವ ಫಿಲ್ಮು. ದೀಪಕ್ಕೂ ಅದನ್ನೇ ಸುತ್ತಿದ್ದರು. ಕೇಕು ರೀಲಿನ ಆಕಾರದಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ಹುಳಿ ಬಡಿಯಿತು. ಹಳೆಯ ಫಿಲ್ಮು ಕೊಳೆಯುವಾಗ ಬರುವ, ಕೆಟ್ಟ ಉಪ್ಪಿನಕಾಯಿಯ ಹುಳಿ. ಮಿಕ್ಕವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹುಟ್ಟುಹಬ್ಬದ ಮಗು ಒಂದು ಪಟ್ಟಿಯ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ನಾನು ಓಡಿಹೋಗಿ ಕಿತ್ತುಕೊಂಡೆ, ಮಗು ಕಿರುಚಿತು, ಸರ್ವ್ ಮಾಡುವ ಹುಡುಗಿ ಬಂದು, “ಆಂಟಿ, ಅದು ಡೆಕೊರೇಷನ್ನು, ಮುಟ್ಬೇಡಿ” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ತೊಳೆದಾದರೂ ಹಾಕಿರೇ, ನಮ್ಮನೆಯವರಾದರೂ ತೊಳೆಯುತ್ತಿದ್ದರು ಎಂದು ಎಲ್ಲರೆದುರು ಕೂಗಿಬಿಟ್ಟೆ. ತಮ್ಮನ ಅಳಿಯನ ಸ್ನೇಹಿತ ಚೇತನ್ ಅಲ್ಲಿದ್ದ. ಹಳೆಯ ಫಿಲ್ಮುಗಳನ್ನು ಹುಡುಕಿ ಉಳಿಸುವ ಸಂಸ್ಥೆಯೊಂದರಲ್ಲಿ ಕೆಲಸ ಅವನಿಗೆ. ಹತ್ತಿರ ಬಂದು ಮೆಲ್ಲಗೆ ವಿಚಾರಿಸಿದ. ನಾನು ಎಲ್ಲ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

“ಎಷ್ಟೊಂದು ಸಿನಿಮಾ ಹಂಗೇ ಹೋಗಿದಾವೆ ಆಂಟಿ! ಹೆಂಗೆ ಮನಸ್ಸು ಬಂತು ನಿಮ್ಮನೇರಿಗೆ?”

“ದಿನಾ ಹಸಿವಾಗ್ತಿತ್ತಲ್ಲಪ್ಪ, ಮನಸ್ಸು ಬಂತು.”

“ಇಲ್ಲ, ಅದು ಸರಿ. ಬಟ್ ಸೆಲ್ಯುಲಾಯ್ಡ್‌ಗೆ ಒಂದು ಆತ್ಮ ಇದೆ ಆಂಟಿ. ಈ ಡಿಜಿಟಲ್‌ನಲ್ಲಿ ಅದಿಲ್ಲ.”

“ಆತ್ಮ ನಾನ್ ನೋಡಿದೀನಿ. ಕಪ್ಪಗಿರುತ್ತೆ. ತೆಂಗಿನ ನಾರಲ್ಲಿ ಉಜ್ಜಿದ್ರೆ ಬಿಡುತ್ತೆ.”

ಪೆಟ್ಟಿಗೆಯೊಂದು ಉಳಿದಿದೆ ಎಂದಾಗ ಅವನ ಕಣ್ಣು ಅರಳಿತು. ಮುಂದಿನ ಭಾನುವಾರವೇ ಮನೆಗೆ ಬಂದ. ಬ್ಯಾಗಿನಿಂದ ಬಿಳಿಯ ಕೈಗವಸು ತೆಗೆದು ಹಾಕಿಕೊಂಡ. ಎದುರಿಗೆ ಕುರ್ಚಿಯಲ್ಲಿ ಅಮ್ಮ ತನ್ನ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಫಿಲ್ಮಿಗೆ ನೋವಾಗಬಾರದೆಂದು ಹತ್ತಿಯ ಕೈಗವಸು! ಅದನ್ನು ನೋಡಿ ನನಗೆ ಹುಟ್ಟಿದ ಹೇಸಿಗೆ ಆ ಹುಡುಗನ ಮೇಲಿನದಲ್ಲ ಎಂದು ಗೊತ್ತಿದ್ದರೂ ಅವನ ಕಡೆಗೇ ಮುಖ ಸಿಂಡರಿಸಿದೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಹುಳಿಯ ಘಾಟಿಗೆ ಕಣ್ಣಲ್ಲಿ ನೀರು. ರಾಮ, ರಾವಣ, ಕೋಡಂಗಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಬೆಲ್ಲದ ಅಚ್ಚಿನ ಹಾಗಾಗಿದ್ದರು. ಅಜ್ಜಿಯ ಸ್ವರ್ಗದಲ್ಲಿ ಬಿಡಿಸಿ ತೆಗೆಯಬಹುದಾದವರು ಕೆಲವರೇ ಉಳಿದಿದ್ದರು. ಚೇತನ್ ಅಷ್ಟಕ್ಕೇ ಪುಳಕಗೊಂಡ. ಕೆಲವು ಚಿತ್ರಗಳದ್ದು ಪ್ರಪಂಚದಲ್ಲಿ ಇದೊಂದೇ ಚೂರು ಇರಬಹುದು, ತಣ್ಣನೆಯ ಕೋಣೆಯಲ್ಲಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ಕಂಪ್ಯೂಟರಿನ ಫೈಲು ಅಷ್ಟು ದಿನ ಬಾಳುತ್ತದೆಂದು ಯಾರೂ ಹೇಳಲಾರರು ಎಂದೆಲ್ಲ ವಿವರಿಸಿದ.

ಆಗ ಅಮ್ಮ ಎದ್ದುಹೋಗಿ ಬೀರುವಿನ ಸೀರೆಗಳ ಕೆಳಗಿನಿಂದ ಹತ್ತಿಬಟ್ಟೆಯ ಗಂಟನ್ನು ತಂದಳು. ಅಜ್ಜಿ ಸತ್ತ ವರ್ಷವೇ ಆ ಮೂರು ಪಟ್ಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಯಾಡುವ ಹಾಗೆ ಇಟ್ಟಿದ್ದಳು. ಅಂಚು ಸೊಟ್ಟಗಾಗಿತ್ತು, ಅಷ್ಟೇ. ಚೇತನ್ ಚಿತ್ರದ ಹೆಸರು ಕೇಳಿ ನೆಲದ ಮೇಲೇ ಕೂತುಬಿಟ್ಟ. ಅದರ ಒಂದು ಅಡಿಯೂ ಎಲ್ಲೂ ಸಿಕ್ಕಿಲ್ಲವಂತೆ.

“ನೋಡಪ್ಪ,” ಎಂದಳು ಅಮ್ಮ. “ಡಾಕ್ಟ್ರು ನನ್ನ ಕಣ್ಣಿನ ನರ ಒಣಗ್ತಾ ಇದೆ ಅಂದಿದಾರೆ. ಇನ್ನೆಷ್ಟು ದಿನ ಕಾಣುತ್ತೋ. ನಮ್ಮವ್ವ ಇದ್ರಲ್ಲಿ ಬರೀ ನಿಂತಿದಾಳೆ. ಒಂದ್ಸಲ ಅವ್ಳು ನಡೆಯೋದನ್ನ ನೋಡ್ಬೇಕು. ನಡೆಸಿ ತೋರಿಸ್ತೀಯಾ?”

ಅಮ್ಮ ತನಗಾಗಿ ಯಾರನ್ನಾದರೂ ಏನನ್ನಾದರೂ ಕೇಳಿದ್ದು ನನ್ನ ಕಿವಿಗೆ ಬಿದ್ದದ್ದು ಅದು ಎರಡನೆಯ ಸಲ. ಮೊದಲ ಸಲವೂ ಇದೇ ಪಟ್ಟಿಗಳು. “ಖಂಡಿತ ಅಜ್ಜಿ, ಪ್ರಾಮಿಸ್” ಎಂದು ಚೇತನ್ ಪೆಟ್ಟಿಗೆಯನ್ನೂ ಗಂಟನ್ನೂ ಹೊತ್ತುಕೊಂಡು ಹೋದ. ಆಮೇಲೆ ಅಮ್ಮ ಕಣ್ಣಿನ ಹನಿಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಕಾಲಿಂಗ್ ಬೆಲ್ ಆದಾಗಲೆಲ್ಲ ಕನ್ನಡಕ ಹುಡುಕುತ್ತಿದ್ದಳು. ಅವಳಿಗೆ ಕಾಣುವುದು ನಿಂತುಹೋಗುವ ಮೊದಲು ಆ ಹುಡುಗ ಬರಲಿ ಎಂದು ನಾನು, ಕೈಮುಗಿಯುವುದನ್ನು ಎಂದೋ ಬಿಟ್ಟವಳು, ದಿನವೂ ಅಂದುಕೊಳ್ಳುತ್ತಿದ್ದೆ.

ಅವನು ಲ್ಯಾಪ್‌ಟಾಪ್ ಸಮೇತ ಬಂದ. ಅಮ್ಮ ಸೀರೆ ಬದಲಿಸಿ ಬಂದು ಕೂತಳು. ನಾನು ಕಿಟಕಿಯ ಪರದೆ ಎಳೆದೆ.

“ಸಖತ್ತಾಗಿ ಬಂದಿದೆ ಆಂಟಿ,” ಎಂದ ಚೇತನ್. “ಧೂಳು, ಗೀರು ಎಲ್ಲಾ ತೆಗೆದಿದೀವಿ. ಪಾಪ, ಯಾರೋ ಫ್ರೇಮ್ ಫ್ರೇಮಿಗೂ ಆಯಮ್ಮನ ತಲೆ ಮೇಲೇ ಗೀಚಿಬಿಟ್ಟಿದ್ರು. ಅದನ್ನ ತೆಗೆಯೋಕೇ ನಮ್ ಹುಡುಗ್ರಿಗೆ ವಾರ ಹಿಡೀತು. ಈಗ ಫುಲ್ ಕ್ಲೀನ್. ನಿನ್ನೆ ತೆಗೆದಂಗಿದೆ.”

ಹಾಗೂ ಮಾಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ತಡೆಯುವಷ್ಟರಲ್ಲಿ ಅವನು ಗುಂಡಿ ಒತ್ತಿದ. ಕೆರೆಯ ಏರಿ ಕಂಡಿತು. ಬಿಂದಿಗೆ ಹೊತ್ತ ಹೆಂಗಸೊಬ್ಬಳು ನಡೆದುಬಂದು ನಮ್ಮ ಮುಂದೆಯೇ ಹಾದುಹೋದಳು. ಹಣೆ ನುಣ್ಣಗಿತ್ತು. ಕೆನ್ನೆ ಮೇಣದ ಹಾಗಿತ್ತು. ಕೆಲವೇ ಕ್ಷಣ, ಅಷ್ಟೇ. ಅಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಚೆನ್ನಾಗಿದೆಯಪ್ಪ. ಇದ್ಯಾರು?”

“ನಿಮ್ಮವ್ವ ಕಣಮ್ಮ,” ಎಂದೆ.

“ಇಲ್ಲ ಕಣೇ ವಿಮಲ. ಇವ್ಳ್ಯಾರೋ ನೀರು ಹೊರೋಳು. ನಮ್ಮವ್ವ ಇದ್ರಲ್ಲಿ ಇಲ್ಲ.”

ತೊಟ್ಟಿಯ ಘಾಟು ಅದೆಲ್ಲಿತ್ತೋ, ಮೂಗಿಗೆ ಬಡಿಯಿತು. ಬಚ್ಚಲಲ್ಲಿ ನಾರಿನಿಂದ ಮಾಡಿದ್ದನ್ನೇ ಇವರು ಏಸಿ ರೂಮಿನಲ್ಲಿ ಕೂತು, ಪ್ರೀತಿಯಿಂದ, ಒಂದು ವಾರ ಮಾಡಿದ್ದರು. “ಅದು ಗೀರಲ್ಲ ಕಣೋ ಪುಣ್ಯಾತ್ಮ,” ಎಂದು ನಾನು ಕಿರುಚಿದೆ. “ಅದು ಇವಳ ಕೈಯಿ. ಆ ಸಿನಿಮಾದಲ್ಲಿ ನಮ್ಮದು ಅಂತ ಇದ್ದಿದ್ದು ಅದೊಂದೇ!” ಪಿನ್ನು, ಗಾಜು, ಅಜ್ಜಿ, ಗಂಗಮ್ಮ, ಎಲ್ಲ ಬಾಯಿಗೆ ಬಂದ ಹಾಗೆ ಹೇಳಿದೆ. ಚೇತನ್ ಕೂತಲ್ಲೇ ಕುಗ್ಗಿದ. ಆಮೇಲೆ, “ಕ್ಲೀನ್ ಮಾಡೋಕ್ ಮುಂಚೆ ಸ್ಕ್ಯಾನ್ ಮಾಡಿದ್ದು ಇದೆ ಆಂಟಿ. ಅಳಿಸಿಲ್ಲ. ಇದ್ರಲ್ಲೇ ಇದೆ,” ಎಂದು ಹುಡುಕತೊಡಗಿದ.

ಮತ್ತೆ ಕೆರೆಯ ಏರಿ. ಈ ಸಲ ಧೂಳು, ಚುಕ್ಕಿ, ಕಲೆ. ಆ ಹೆಂಗಸು ನಡೆದು ಬಂದಳು, ತಲೆಯ ಮೇಲೆ ಬೆಳ್ಳನೆಯ ಕಿರೀಟ. ಅಮ್ಮ ಒಂದೊಂದು ಚೌಕಕ್ಕೂ ಬೇರೆ ಬೇರೆಯಾಗಿ ಕೆರೆದದ್ದರಿಂದ ಅದು ಒಂದೆಡೆ ನಿಲ್ಲದೆ ಕುಣಿಯುತ್ತಿತ್ತು. ಹಣೆಗಿಳಿಯಿತು, ಬಿಂದಿಗೆಗೇರಿತು, ಓರೆಯಾಯಿತು. ಅಜ್ಜಿ ಒಳಗೆ ಕೆಮ್ಮಿದಾಗ ನಾವು ಗಡಿಬಿಡಿಯಲ್ಲಿ ಬಿಟ್ಟ ಕಡೆ ಕ್ಷಣ ಮಾತ್ರ ಮಾಯವಾಗಿ ಮತ್ತೆ ಹೊತ್ತಿಕೊಂಡಿತು. ಪರದೆಯ ಬೆಳಕಲ್ಲಿ ಅಮ್ಮನ ಮುಖ ನೋಡಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ನಡೀತಾಳೆ ನೋಡೇ ನಮ್ಮವ್ವ,” ಎಂದಳು. “ಇನ್ನೊಂದ್ಸಲ ಹಾಕಪ್ಪ.”

ಅವನು ಹಾಕುತ್ತಲೇ ಹೋದ. ಅಮ್ಮನಿಗೆ ಕಣ್ಣು ದಣಿದು ಹಿಂದಕ್ಕೆ ಒರಗಿದ ಮೇಲೆ ಚೇತನ್ ಅವಳ ಕಾಲ ಹತ್ತಿರ ಬಂದು ಕೂತ. ತಮ್ಮ ಸಂಸ್ಥೆಯಲ್ಲಿ ಮುಂದಕ್ಕೆಂದು ಒಂದನ್ನೇ ಕಾಪಿಡುವುದು, ಹೊರಗೆ ತೋರಿಸುವುದೂ ಅದನ್ನೇ, ಎರಡರಲ್ಲಿ ಯಾವುದನ್ನು ಇಡಲಿ ಎಂದು ಕೇಳಿದ. ಅಮ್ಮ ತನ್ನ ನುಣುಪಾದ ಬೆರಳುಗಳಿಂದ ಅವನ ಕೈಯನ್ನು ತಡವಿ ಹಿಡಿದುಕೊಂಡಳು.

“ಕಿರೀಟ ಇರೋದನ್ನೇ ಇಡಪ್ಪ,” ಎಂದಳು. “ಇಲ್ದಿದ್ರೆ ನಮ್ಮತ್ತೆ ತೊಟ್ಟಿಗೆ ಹಾಕಿಸ್ಬಿಡ್ತಾರೆ.”